ಹೈಡ್ರೇಂಜಿಯಾ ಬಾಡಿದೆ, ಮಹಜರಿಗೆ ಬನ್ನಿ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನುಷ್ಯ ಹಾಸಿಗೆ ಹಿಡಿದರೆ ನೋಡಲು ಬರುವವರು ಹಾರ್ಲಿಕ್ಸ್ ಬಾಟಲಿಯೋ ಅರ್ಧ ಡಜನ್ ಮೂಸಂಬಿಯೋ ತರುತ್ತಾರೆ. ಅಂಗಳದ ಕುಂಡದಲ್ಲಿ ಹೈಡ್ರೇಂಜಿಯಾ ಬಾಡಿದರೆ ಸಲಹೆ ತರುತ್ತಾರೆ. ಹಾರ್ಲಿಕ್ಸ್ ಕುಡಿದು ಸತ್ತವರನ್ನು ನಾನು ಕಂಡಿಲ್ಲ. ಸಲಹೆ ಕುಡಿದು ಸತ್ತ ಗಿಡಗಳ ಖಾಲಿ ಕುಂಡಗಳು ಮಾತ್ರ ಮನೆ ಮನೆಯ ಬಚ್ಚಲ ಹಿಂದೆ ಕವುಚಿ ಬಿದ್ದಿವೆ.

ಪ್ರಕರಣ ಶುರುವಾಗುವುದು ಯಾವಾಗಲೂ ಮಧ್ಯಾಹ್ನದ ಊಟ ಮುಗಿದ ಮೇಲೆ. ಮಾರ್ಚ್ ತಿಂಗಳ ಬಿಸಿಲು. ಮನೆಯೊಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡಿದರೆ ಗಿಡ ಕತ್ತು ಬಗ್ಗಿಸಿ ನಿಂತಿದೆ. ಅಂಗೈಯಗಲದ ಎಲೆಗಳೆಲ್ಲ ಜೋತುಬಿದ್ದಿವೆ. ನೀಲಿ ಹೂವಿನ ಚೆಂಡು ಕುಂಡದ ಅಂಚಿಗೆ ಹಣೆ ಹಚ್ಚಿದೆ. “ಅಯ್ಯೋ, ಬೆಳಿಗ್ಗೆ ಎಷ್ಟು ಚೆಂದ ಇತ್ತು!” ಎನ್ನುತ್ತ ಒಂದು ಕೊಡ ನೀರು ಸುರಿಯುತ್ತಾರೆ. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಗಿಡ ನೆಟ್ಟಗಾಗಿದೆ. ನೀರು ಹಾಕಿದ್ದಕ್ಕೇ ಎದ್ದಿತು ಎಂದು ತೀರ್ಮಾನವಾಗುತ್ತದೆ.

ಹಾಕದಿದ್ದರೂ ಏಳುತ್ತಿತ್ತು. ಈ ಗಿಡದ ಎಲೆ ದೊಡ್ಡದು, ತೆಳ್ಳಗಿನದು; ಸುಡುಬಿಸಿಲಲ್ಲಿ ಎಲೆಯಿಂದ ಆವಿಯಾಗುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಮೇಲಕ್ಕೆ ಕಳಿಸಲಾರದು. ಮಣ್ಣು ಒದ್ದೆಯಿದ್ದರೂ ಅಷ್ಟೇ. ಹಾಗಾಗಿ ಎಲೆ ಜೋತುಬೀಳುತ್ತದೆ, ಬಿಸಿಲು ಇಳಿದ ಮೇಲೆ ಬೇರಿಗೆ ಬಿಡುವು ಸಿಕ್ಕಿ ಮತ್ತೆ ಏಳುತ್ತದೆ. 2019ರ ಜೂನ್‌ನಲ್ಲಿ ಮುಜರಾಯಿ ಇಲಾಖೆ ರಾಜ್ಯದ ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಿತ್ತು. ಮಳೆಗಾಲದಲ್ಲಿ ಪೂಜೆ ಮಾಡಿಸಿ, ಮಳೆ ಬಂದದ್ದು ಪೂಜೆಯಿಂದ ಎನ್ನುವುದಕ್ಕೂ ನಡು ಮಧ್ಯಾಹ್ನ ಕೊಡಪಾನ ಬಗ್ಗಿಸಿ ಸಂಜೆ ಬೆನ್ನು ತಟ್ಟಿಕೊಳ್ಳುವುದಕ್ಕೂ ವ್ಯತ್ಯಾಸವಿಲ್ಲ. ಹೈಡ್ರೇಂಜಿಯಾದ ನಾಡಿ ಹಿಡಿಯಬೇಕಾದ್ದು ಬೆಳಿಗ್ಗೆ ಏಳು ಗಂಟೆಗೆ. ಆಗಲೂ ಎಲೆ ಜೋತಿದ್ದರೆ ಅದು ಕಾಯಿಲೆ. ಮಧ್ಯಾಹ್ನದ್ದು ಬರೀ ನಿದ್ದೆ, ಮನೆಯ ಯಜಮಾನರು ಜಗುಲಿಯ ಮೇಲೆ ಮಾಡುವಂಥದ್ದೇ.

ಆದರೆ ನಿದ್ದೆ ಮಾಡುವವರನ್ನು ಸುಮ್ಮನೆ ಬಿಡುವ ಊರೇ ಇದು? ಸುದ್ದಿ ಹಬ್ಬುತ್ತದೆ. ಮೊದಲು ಬರುವುದು ಪಕ್ಕದ ಮನೆ ಅತ್ತಿಗೆ. “ಚಾ ಚರಟ ಹಾಕಿ ನೋಡು ಮಾರಾಯ್ತಿ, ನಮ್ಮನೆ ಗುಲಾಬಿಗೆ ಅದ್ನೇ ಹಾಕದು.” ಚರಟ ಬೀಳುತ್ತದೆ. ಆಮೇಲೆ ಸಹಕಾರ ಸಂಘದ ಮಾಜಿ ಕಾರ್ಯದರ್ಶಿಗಳು. ಅವರಿಗೆ ಲೋಕದ ಸಕಲ ಸಂಕಟಕ್ಕೂ ಕಾರಣ ಸಾರಜನಕದ ಕೊರತೆ. “ಒಂದು ಮುಷ್ಟಿ ಯೂರಿಯಾ ಬಿಸಾಕಿ, ನಾಳೆ ಬೆಳಿಗ್ಗೆ ನೋಡಿ.” ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಡಿಕೆ ಮರದ ಬುಡಕ್ಕೆ ಹಾಕುವ ಮುಷ್ಟಿಯನ್ನೇ ಹತ್ತಿಂಚಿನ ಕುಂಡಕ್ಕೆ ಹಾಕಿದರೆ ಬೇರು ನೀರು ಹೀರುವ ಬದಲು ಇದ್ದ ನೀರನ್ನೂ ಕಳೆದುಕೊಳ್ಳುತ್ತದೆ. ನಾಳೆ ಬೆಳಿಗ್ಗೆ ನೋಡಿದರೆ ಎಲೆಯ ಅಂಚು ಸುಟ್ಟ ಹಪ್ಪಳ. “ನೋಡಿದ್ರಾ, ಗಿಡಕ್ಕೆ ಶಕ್ತಿಯೇ ಇಲ್ಲ,” ಎಂದು ಕಾರ್ಯದರ್ಶಿಗಳು ಇನ್ನರ್ಧ ಮುಷ್ಟಿ ಹಾಕಿಸುತ್ತಾರೆ.

ಬೆಂಗಳೂರಿನಿಂದ ಮಗಳು ವಿಡಿಯೊ ಕಾಲ್‌ನಲ್ಲಿ ಎಪ್ಸಮ್ ಸಾಲ್ಟ್ ಎನ್ನುತ್ತಾಳೆ, ಜೊತೆಗೆ ದಾಲ್ಚಿನ್ನಿ ಪುಡಿ. ಯಾರೋ ಮೊಟ್ಟೆ ಚಿಪ್ಪು ಎನ್ನುತ್ತಾರೆ. ಮಡಿಯ ಮನೆಯಾದ್ದರಿಂದ ಅದೊಂದು ತಪ್ಪಿತು, ಗಿಡದ ಪುಣ್ಯ. ಸಾವಯವದ ಭಾವ ಜೀವಾಮೃತದ ಡ್ರಮ್ಮಿನಿಂದ ಒಂದು ಚೆಂಬು ತಂದು ಹೊಯ್ಯುತ್ತಾನೆ. ಅಜ್ಜಿ ಮಾತ್ರ ಒಳಗಿನಿಂದಲೇ, “ಅದಕ್ಕೆ ಕಣ್ಣಾಗಿದೆ. ಹೋದ ವಾರ ಬಂದವರು ಹೂ ನೋಡಿ ಬಾಯಿ ಬಿಟ್ಟಿದ್ದರು,” ಎನ್ನುತ್ತಾರೆ. ಇಡೀ ಪ್ರಕರಣದಲ್ಲಿ ಗಿಡಕ್ಕೆ ತೊಂದರೆ ಮಾಡದ ಸಲಹೆ ಅಜ್ಜಿಯದೊಂದೇ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಕೆಮ್ಮು ಬರುವುದು ಮನುಷ್ಯರಿಗೆ, ಬೇರಿಗಲ್ಲ.

ಇಷ್ಟು ಪಂಚರ ಹೇಳಿಕೆ ಆದ ಮೇಲೆ ಸ್ಥಳ ಮಹಜರು ಬರೆಯದಿದ್ದರೆ ಹೇಗೆ? ಬರೆಯೋಣ. ಸದರಿ ಹೈಡ್ರೇಂಜಿಯಾ ಗಿಡವು ಕಪ್ಪು ಬಣ್ಣದ ಪ್ಲಾಸ್ಟಿಕ್ ಕುಂಡದಲ್ಲಿ ಕಂಡುಬಂದಿರುತ್ತದೆ. ಚಕ್ಕುಬಂದಿ: ಪೂರ್ವಕ್ಕೆ ಕಾರಿನ ಶೆಡ್ಡು, ಪಶ್ಚಿಮಕ್ಕೆ ಇಂಟರ್‌ಲಾಕ್, ಉತ್ತರಕ್ಕೆ ಸಿಂಟೆಕ್ಸ್ ಟ್ಯಾಂಕು, ದಕ್ಷಿಣಕ್ಕೆ ಇಂಟರ್‌ಲಾಕ್. ಮೇಲೆ ಆಕಾಶ. ಬುಡದಲ್ಲಿ ತಟ್ಟೆ. ನೆರಳು ಇರುವುದಿಲ್ಲ. ತೋಟದ ಗೊಬ್ಬರಕ್ಕೆಂದು ಸೊಪ್ಪಿನ ಬೆಟ್ಟ ಇರುತ್ತದೆ, ಆದರೆ ಗಿಡಕ್ಕೆ ಒಂದು ಹಿಡಿ ದರಗೂ (ಉದುರಿದ ಒಣ ಎಲೆ) ತಲುಪಿರುವುದಿಲ್ಲ.

ಇಲ್ಲಿಗೆ ಆರೋಪಿ ಸಿಕ್ಕಿಬಿದ್ದ ಹಾಗಾಯಿತು, ಯಾರೂ ದೂರು ಕೊಡುವುದಿಲ್ಲ ಅಷ್ಟೆ. ಯಾಕೆಂದರೆ ಇಂಟರ್‌ಲಾಕ್ ಹಾಕಿಸಿದ್ದು ಸಾಫ್ಟ್‌ವೇರ್ ಮಗ, ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು. ಮೊದಲು ಈ ಮೂರು ತಾಲ್ಲೂಕಿನ ಅಂಗಳವೆಂದರೆ ಕೆಮ್ಮಣ್ಣು. ಮಳೆಗಾಲ ಮುಗಿದ ಮೇಲೆ ಕೆತ್ತಿ, ಬಡಿದು, ಸಗಣಿ ಸಾರಿಸಿ ಅಡಿಕೆ ಹರವಲು ಅಣಿ ಮಾಡುತ್ತಿದ್ದರು. ಬೇಸಿಗೆಗೆ ಅಡಿಕೆ ದಬ್ಬೆ ಕಟ್ಟಿ ಸೋಗೆ ಹೊದೆಸಿದ ಚಪ್ಪರ ಏಳುತ್ತಿತ್ತು. ಮಳೆಗಾಲಕ್ಕೆ ಜಾರದಿರಲೆಂದು ನೆಲಕ್ಕೇ ಸೋಗೆ ಹಾಸುತ್ತಿದ್ದರು. ಅಂಗಳದ ಅಂಚಿನ ಮಣ್ಣಿನಲ್ಲಿ ಡೇರೆ, ಕಾಶಿತುಂಬೆ, ಹೈಡ್ರೇಂಜಿಯಾ ತಮ್ಮ ಪಾಡಿಗೆ ಬದುಕಿದ್ದವು. ಆ ಮಣ್ಣು ಕಾಲಿಗೆ ಮೆತ್ತುತ್ತದೆ, ಕಾರಿಗೂ ಮೆತ್ತುತ್ತದೆ ಎಂಬ ದೂರು ಬಂತು. ಜೆಸಿಬಿ ಬಂತು. ಅಂಚಿನ ಗಿಡಗಳನ್ನೆಲ್ಲ ಕಿತ್ತು, ಜಲ್ಲಿಪುಡಿ ಹಾಸಿ, ಅಡ್ಡಡ್ಡ ಉದ್ದುದ್ದ ಸಿಮೆಂಟು ಬಿಲ್ಲೆ ಕೂರಿಸಿದರು. ಅಂಗಳ ಪೆಟ್ರೋಲ್ ಬಂಕಿನಷ್ಟು ಸ್ವಚ್ಛವಾಯಿತು. ಆಮೇಲೆ ಯಾರಿಗೋ, ಮನೆ ಮುಂದೆ ಹಸಿರೇ ಇಲ್ಲವಲ್ಲ, ಅನ್ನಿಸಿತು. ಕುಂಡ ತಂದರು.

ಮಧ್ಯಾಹ್ನ ಬರಿಗಾಲಲ್ಲಿ ಆ ಬಿಲ್ಲೆಯ ಮೇಲೆ ನಿಂತು ನೋಡಿ. ನೀವು ಕುಣಿದು ಜಗುಲಿಯ ಕಟ್ಟೆಗೆ, ಅಂದರೆ ಚಿಟ್ಟೆಗೆ, ಹಾರುತ್ತೀರಿ. ಗಿಡಕ್ಕೆ ಹಾರಲು ಬರುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಬಿಸಿಲನ್ನೆಲ್ಲ ನುಂಗುತ್ತದೆ. ಕುಂಡದ ಒಳಗೋಡೆಗೆ ಅಂಟಿಕೊಂಡ ಎಳೆ ಬೇರು, ಅಂದರೆ ನೀರು ಹೀರುವ ಕೆಲಸದ ಬೇರು, ಮೊದಲು ಬೇಯುತ್ತದೆ. ಆಮೇಲೆ ಎಷ್ಟು ಕೊಡ ಸುರಿದರೂ ಕುಡಿಯುವ ಬಾಯಿಯೇ ಇಲ್ಲ.

ತಮಾಷೆಯೆಂದರೆ ಇಡೀ ಕರ್ನಾಟಕದಲ್ಲಿ ಈ ಗಿಡಕ್ಕೆ ಹೇಳಿ ಮಾಡಿಸಿದ ಜಾಗಗಳಲ್ಲಿ ನಮ್ಮ ಸೀಮೆಯೂ ಒಂದು. ಗಿಡದ ಮೂಲ ಜಪಾನು. ಅಲ್ಲಿಗೆ ಡಚ್ಚರ ವೈದ್ಯನಾಗಿ ಹೋಗಿದ್ದ ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್ 1784ರ ತನ್ನ ಸಸ್ಯಗ್ರಂಥದಲ್ಲಿ ಇದನ್ನು ವರ್ಣಿಸಿದ. ಕಾಡಿನಂಚಿನ ಅರೆನೆರಳು, ಎಲೆ ಕೊಳೆತ ಕಪ್ಪು ಮಣ್ಣು, ಜೂನ್ ತಿಂಗಳ ಜಿಟಿಜಿಟಿ ಮಳೆ, ಇದಕ್ಕೆ ಬೇಕಾದ್ದು ಇಷ್ಟೇ. ಜಪಾನಿನವರು ಮಳೆಗಾಲ ಹಿಡಿಯುತ್ತಲೇ ಕೊಡೆ ಹಿಡಿದು ಕಾಮಾಕುರದ ದೇವಾಲಯಗಳಿಗೆ ಈ ಹೂ ನೋಡಲೆಂದೇ ಹೋಗುತ್ತಾರೆ. ನೆರಳು, ದರಗು, ಮಳೆ: ಈ ಮೂರನ್ನು ಬಿಟ್ಟರೆ ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಇನ್ನೇನಿದೆ? ಜಪಾನಿನ ಗಿಡಕ್ಕೆ ತವರು ಸಿಕ್ಕಂತಾಗಬೇಕಿತ್ತು. ನಾವು ಅದನ್ನು ತವರಿನ ಅಂಗಳದಲ್ಲೇ ಕಾವಲಿಯ ಮೇಲೆ ಕೂರಿಸಿದೆವು.

ಗಿಡ ಬಂದ ದಾರಿಯನ್ನೂ ಕೊಂಚ ನೋಡಬೇಕು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ವರ್ಷ ವರ್ಷ, ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಎರಡೂ ಚಳಿಯ ಆಸುಪಾಸಿನಲ್ಲಿ. ಬೆಂಡು ಬತ್ತಾಸಿನ ಜೊತೆ ನಾಲ್ಕು ಗಿಡವೂ ಮನೆಗೆ ಬರುತ್ತವೆ. ನೆರಳುಬಲೆಯ ಕೆಳಗೆ ಹೊತ್ತು ಹೊತ್ತಿಗೆ ನೀರು ಗೊಬ್ಬರ ಉಂಡು ಹೂಬಿಟ್ಟ ಗಿಡ ಅದು. ನಿಂತಿರುವುದು ತೆಂಗಿನ ನಾರಿನ ಪುಡಿಯಲ್ಲಿ, ಕೊಕೊಪೀಟ್ ಎಂಬ ಹೆಸರಿನಲ್ಲಿ. ಈ ಪುಡಿಗೊಂದು ಗುಣ: ಒದ್ದೆಯಿದ್ದಾಗ ಒಳ್ಳೆಯದು, ಒಮ್ಮೆ ಪೂರ್ತಿ ಒಣಗಿತೋ ಕುಗ್ಗಿ ಗಟ್ಟಿಯಾಗಿ ಕುಂಡದ ಗೋಡೆ ಬಿಡುತ್ತದೆ. ಸುತ್ತ ಬೆರಳು ತೂರದಷ್ಟು ಸಂದು. ಮೇಲಿಂದ ಚೆಂಬು ಬಗ್ಗಿಸಿದರೆ ನೀರು ಆ ಸಂದಿನಲ್ಲಿಳಿದು ತಟ್ಟೆ ತುಂಬುತ್ತದೆ. ಬೇರಿನ ಮುದ್ದೆ ಒಳಗೆ ಒಣಗಿಯೇ ಇರುತ್ತದೆ. “ಕೆಳಗೆ ನೀರು ಬರೋವರೆಗೂ ಹಾಕಿದ್ದೀನಲ್ಲ” ಎಂಬ ಸಮಾಧಾನ. ಕೆಳಗೆ ಬಂದದ್ದು ನೀರು ಹೌದು, ಗಿಡದ ಪಾಲಿನದ್ದು. ಊರಿಗೆ ಮಂಜೂರಾದ ಹಣವೂ ಫಲಾನುಭವಿಯ ಪಕ್ಕದಿಂದಲೇ ಹಾದು ತಟ್ಟೆ ಸೇರುವ ಸೀಮೆಯಲ್ಲಿ ಇದು ಹೊಸತೇನಲ್ಲ.

ಪರೀಕ್ಷೆ ಸುಲಭ. ಕುಂಡ ಎತ್ತಿ ನೋಡಿ. ನೀರು ಹಾಕಿದ ಮೇಲೂ ಹಗುರವಿದ್ದರೆ ನೀರು ಒಳಗೆ ಹೋಗಿಲ್ಲ. ಕುಂಡ ಸಮೇತ ಬಕೆಟ್ಟಿನ ನೀರಿಗೆ ಇಳಿಸಿ. ಬುಳುಬುಳು ಗುಳ್ಳೆ ಏಳುತ್ತದೆ; ನಿಂತ ಮೇಲೆ ಎತ್ತಿ, ನೀರು ಸೋರಿಹೋಗಲು ಬಿಡಿ. ಭಾರವಿದ್ದೂ ಬಾಡಿದೆಯೋ, ನೀರಿನ ಕೊಡ ಒಳಗಿಡಿ. ಇಡುವುದಿಲ್ಲ ಎಂದು ನನಗೆ ಗೊತ್ತು.

ಇನ್ನು ಮಳೆಗಾಲದ ಬಾಡು, ಅದರ ಬಾಬತ್ತೇ ಬೇರೆ. ಆಷಾಢದಲ್ಲಿ ಹೊಸನಗರದ ಕಡೆ ಹೋಗಿ, ಮಾಡಿನ ನೀರು ಧೋ ಎಂದು ಬೀಳುವ ಕಡೆಯೇ ಕುಂಡ ಇಟ್ಟಿರುತ್ತಾರೆ. ಕೆಳಗಿನ ತಟ್ಟೆ ಭರ್ತಿ, ಕುಂಡದ ತೂತು ತಟ್ಟೆಯೊಳಗೆ ಮುಳುಗಿದೆ. ಎಲೆ ಜೋತಿದೆ. ನೀರಿನಲ್ಲೇ ನಿಂತ ಗಿಡ ನೀರಿಲ್ಲದವರ ಹಾಗೆ ಯಾಕೆ ಬಾಡುತ್ತದೆ? ಬೇರಿಗೆ ಗಾಳಿ ಬೇಕು. ಗಾಳಿಯಿಲ್ಲದೆ ಬೇರು ಕೊಳೆತರೆ ಹೀರುವವರು ಯಾರು? ಗಿಡ ಕಳಚಿ ನೋಡಿದರೆ ಬಿಳಿಯಾಗಿರಬೇಕಾದ ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ, ಹಳೇ ಬಚ್ಚಲ ವಾಸನೆ. ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣಿಗೆ ಕೂರಿಸಿ, ಮಳೆ ನೇರ ಬಡಿಯದ ಕಡೆ ಇಟ್ಟರೆ ಬದುಕಿದರೂ ಬದುಕೀತು.

ಹೀಗೆ ಬೇರು ಕೊಳೆಸುವವರಲ್ಲಿ ಫೈಟಾಫ್ತೊರಾ ಎಂಬ ಕುಲವೂ ಒಂದು. ನಮ್ಮವರಿಗೆ ಇದು ಹಳೇ ಪರಿಚಯ. ಅಡಿಕೆಯ ಕೊಳೆರೋಗಕ್ಕೆ ಕಾರಣವೂ ಈ ಕುಲದ್ದೇ ಜೀವಿ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು; ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವ ದಾರಿ ತೋರಿದರು. ಮಲೆನಾಡಿನ ತೋಟ ಉಳಿಯಿತು. ಅವತ್ತಿನಿಂದ ನಮಗೊಂದು ನಂಬಿಕೆ: ಬೋರ್ಡೋ ಮುಟ್ಟಿದರೆ ಕಲ್ಲೂ ಚಿಗುರುತ್ತದೆ. ಔಷಧಿ ಹೊಡೆದ ದಿನ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಕೊನೆಗಾರ ಚೆಲ್ಲಲು ಹೋದರೆ ಯಜಮಾನರು ತಡೆಯುತ್ತಾರೆ: “ಹೇ, ಅದನ್ನ ಆ ನೀಲಿ ಹೂವಿನ ಕುಂಡಕ್ಕೆ ಹೊಯ್ಯೋ.” ಬೋರ್ಡೋ ಕಾಯಿಲೆ ಬರುವ ಮೊದಲು ಹೊರಮೈಗೆ ಹಾಕುವ ಕವಚ. ಕೊಳೆತ ಬೇರಿಗೆ ಅದು ಸತ್ತವನಿಗೆ ರೇನ್‌ಕೋಟು.

ಇಷ್ಟಾದರೂ ಗಿಡ ಉಳಿದರೆ ಇನ್ನೊಂದು ರಗಳೆ ಶುರು. ನಮ್ಮ ಜಂಬಿಟ್ಟಿಗೆ ಸೀಮೆಯ ಮಣ್ಣು ಹುಳಿ, ಅದರಲ್ಲಿ ಅಲ್ಯೂಮಿನಿಯಂ ಧಾರಾಳ. ಹುಳಿ ಮಣ್ಣಿನಲ್ಲಿ ಆ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ ಎಂದು ಸ್ಥೂಲ ಲೆಕ್ಕ. ಬೆಂಗಳೂರಿನಲ್ಲಿ ಈ ನೀಲಿಗಾಗಿ ಅಲ್ಯೂಮಿನಿಯಂ ಸಲ್ಫೇಟ್ ಪೊಟ್ಟಣ ಕೊಂಡು ತಂದು ಹಾಕುತ್ತಾರೆ. ಇಲ್ಲಿ ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದಕ್ಕೆ ಮರ್ಯಾದೆ ಇದೆಯೇ? ಮನೆಯನ್ನು ಹೋಂಸ್ಟೇ ಮಾಡಿದ ಮೇಲೆ ಬರುವ ಅತಿಥಿಗಳಿಗೆ ಫೋಟೊ ಹಿಂದೆ ಗುಲಾಬಿ ಬಣ್ಣ ಬೇಕಂತೆ. ಬೋರ್ಡೋದ ಸುಣ್ಣ ಸಾಲದೆಂದು ಬೇರೆ ಸುಣ್ಣ ಬಿತ್ತು. ಮಣ್ಣಿನ ಹುಳಿ ಸತ್ತು ಕಬ್ಬಿಣಾಂಶ ಬೇರಿಗೆ ಸಿಗದಾಯಿತು. ಎಲೆ ಹಳದಿ, ನರ ಮಾತ್ರ ಹಸಿರು.

ಹಳದಿ ಎಲೆ! ಈ ಎರಡು ಪದ ಕೇಳಿದರೆ, ತೋಟದ ಹಳದಿ ಎಲೆ ರೋಗ ನೆನಪಾಗಿ, ಅಡಿಕೆ ಸೀಮೆಯಲ್ಲಿ ಎದೆ ಧಸಕ್ಕೆನ್ನುತ್ತದೆ. ಎಲೆಯ ಮೇಲೆ ನಾಲ್ಕು ಕಂದು ಚುಕ್ಕಿಯೂ ಇದ್ದರೆ ಕತೆ ಮುಗಿಯಿತು. “ಇದು ಅಡಿಕೆಯ ಎಲೆಚುಕ್ಕಿ ರೋಗವೇ. ತೋಟದಿಂದ ಹಾರಿ ಬಂದಿದೆ.” ಹೈಡ್ರೇಂಜಿಯಾಕ್ಕೆ ಸಾಮಾನ್ಯವಾಗಿ ಚುಕ್ಕಿ ತರುವ ಶಿಲೀಂಧ್ರ ಬೇರೆ, ಅಡಿಕೆಯದ್ದು ಬೇರೆ ಎಂದು ಹೇಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ನೋಡಲು ಬಂದ ಗೌಡ್ರು ಎಲೆ ತಿರುಗಿಸಿ ನೋಡಿ, ಕವಳ ಉಗಿದು ಬಂದು, ಗಂಭೀರವಾಗಿ ಕೇಳುತ್ತಾರೆ: “ಇದಕ್ಕೆ ಪರಿಹಾರ ಎಕರೆ ಲೆಕ್ಕದಲ್ಲೋ, ಕುಂಡದ ಲೆಕ್ಕದಲ್ಲೋ?” ತೀರ್ಥಹಳ್ಳಿಯ ಸೀಬಿನಕೆರೆಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಒಂದು ಎಲೆ ಕಿತ್ತು ಕವರಿಗೆ ಹಾಕಿ ಒಯ್ದು ತೋರಿಸಬಹುದು. ಆದರೆ ಅಲ್ಲಿನವರು ಕೊಡುವ ಉತ್ತರ ಗೊತ್ತಿರುವುದರಿಂದ ಯಾರೂ ಹೋಗುವುದಿಲ್ಲ. “ಏನೇನು ಹಾಕಿದ್ದೀರಿ?” ಎಂದು ಕೇಳುತ್ತಾರೆ.

ಊರಿನ ನೀರಿನ ಮಾತು ಬಿಟ್ಟುಹೋಯಿತು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದೇ ತಾಲ್ಲೂಕಿನ ಊರುಗಳಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ಬರುವುದುಂಟು. ನೆಲಕ್ಕೆಲ್ಲ ಬಿಲ್ಲೆ ಹೊದೆಸಿ, ಮಳೆ ನೀರನ್ನು ಚರಂಡಿಗೆ ಗೌರವದಿಂದ ಬೀಳ್ಕೊಟ್ಟು, ಬೇಸಿಗೆಯಲ್ಲಿ ಬಕೆಟ್ ಹಿಡಿದು ರಸ್ತೆಗೆ ಬರುತ್ತೇವೆ. ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ನಾಡಿಗೆಲ್ಲ ದೀಪ ಹಚ್ಚಿತು; ಮುಳುಗಿದ ಊರಿನವರಲ್ಲಿ ಎಷ್ಟೋ ಮಂದಿ ಇನ್ನೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. 2019ರಲ್ಲಿ ಅದೇ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ ಜಿಲ್ಲೆಯೇ ಬೀದಿಗಿಳಿಯಿತು. ಯೋಜನೆಯ ಹಿಂದೆ ಬಾಲ್ಕನಿಯ ಹೈಡ್ರೇಂಜಿಯಾಗಳ ಒತ್ತಡವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಬೇರು ಕಿತ್ತು ಬೇರೆ ಕಡೆ ನೆಟ್ಟು, ನೀರು ದೂರದಿಂದ ತರಿಸುತ್ತೇವೆ ಎನ್ನುವ ತೋಟಗಾರಿಕೆಯಲ್ಲಿ ಸರ್ಕಾರವೇನೂ ನಮ್ಮ ಮನೆಯವರಿಗಿಂತ ಕಡಿಮೆಯಿಲ್ಲ.

ಅಂದಹಾಗೆ ಅದೇ ಮನೆಯ ಹಿತ್ತಿಲಲ್ಲಿ, ಜೆಸಿಬಿ ಬಂದ ದಿನ ಕಿತ್ತೆಸೆದ ಹೈಡ್ರೇಂಜಿಯಾದ ಒಂದು ಗೆಲ್ಲು ಬಾಳೆಯ ನೆರಳಲ್ಲಿ, ದರಗಿನ ರಾಶಿಯ ಪಕ್ಕ ಬೇರು ಬಿಟ್ಟು ಸೊಂಟದೆತ್ತರ ಬೆಳೆದಿದೆ. ಬೆಳಗಿನ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನ ನೆರಳು. ಯೂರಿಯಾ ಇಲ್ಲ, ಎಪ್ಸಮ್ ಇಲ್ಲ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಿತ್ತಿಲು ಫೋಟೊದಲ್ಲಿ ಬರುವುದಿಲ್ಲವಲ್ಲ. ಪಕ್ಕದ ಮನೆ ಅತ್ತಿಗೆ ಮಾತ್ರ ಕತ್ತಲಾದ ಮೇಲೆ ಅದರ ಎರಡು ಕಡ್ಡಿ ಮುರಿದು ಒಯ್ದಿದ್ದಾರೆ. ಕದ್ದು ನೆಟ್ಟ ಗಿಡ ಚೆನ್ನಾಗಿ ಬರುತ್ತದೆ ಎಂಬುದು ಈ ಸೀಮೆಯ ಹೆಂಗಸರ ಸಂಶೋಧನೆ. ಅದನ್ನು ಯಾವ ವಿಶ್ವವಿದ್ಯಾಲಯವೂ ಇನ್ನೂ ಅಲ್ಲಗಳೆದಿಲ್ಲ.

ಕುಂಡವೇ ಬೇಕು ಎನ್ನುವವರಿಗೆ ಆಜ್ಞೆ ಇಷ್ಟು. ಕಪ್ಪು ಪ್ಲಾಸ್ಟಿಕ್ ಬಿಟ್ಟು ದೊಡ್ಡ ಮಣ್ಣಿನ ಕುಂಡ ತನ್ನಿ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು; ತಳಕ್ಕೆ ಅರ್ಧ ಬುಟ್ಟಿ ಜಲ್ಲಿ ತುಂಬಿದರೆ ನೀರು ಬೇಗ ಇಳಿಯುತ್ತದೆಂಬುದು ಸುಳ್ಳು, ಬೇರಿಗೆ ಜಾಗ ಕಮ್ಮಿಯಾಗುತ್ತದೆ ಅಷ್ಟೆ. ಬರೀ ಕೆಮ್ಮಣ್ಣು ತುಂಬಿದರೆ ಇಟ್ಟಿಗೆಯಾಗುತ್ತದೆ. ಕಾಡಿನ ಗೊಬ್ಬರಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿ. ಮೇಲೆ ದರಗು ಹೊದೆಸಿ. ಮೂಡಣ ಬಿಸಿಲು ಬೀಳುವ ಚಿಟ್ಟೆಯ ಪಕ್ಕ ಇಡಿ. ಬೆರಳು ಮಣ್ಣಿಗೆ ಚುಚ್ಚಿ, ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು. ಮಳೆ ಹಿಡಿಯುವ ಮೊದಲು ತಟ್ಟೆ ತೆಗೆದು ಅಡಿಕೆ ಒಣಗಿಸಲು ಬಳಸಿ. ಮಂಗ ಬಂದು ಕುಂಡ ಉರುಳಿಸಿದರೆ ನನ್ನನ್ನು ಕೇಳಬೇಡಿ. ಅವಕ್ಕೊಂದು ಪಾರ್ಕ್ ಮಾಡುತ್ತೇವೆಂದು ಸರ್ಕಾರ ಹೇಳಿತ್ತು, ಅಲ್ಲಿ ವಿಚಾರಿಸಿ.

ಇಷ್ಟೂ ಮಾಡಿದ ಮೇಲೆ ಬೆಳಿಗ್ಗೆ ಏಳಕ್ಕೂ ಗಿಡ ಜೋತೇ ಇದ್ದರೆ, ಅದನ್ನು ತಂದುಕೊಟ್ಟವರು ಯಾರೆಂದು ನೆನಪು ಮಾಡಿಕೊಳ್ಳಿ. ನಾದಿನಿಯಾಗಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಅವರ ಕೈಗುಣವೇ ಅಷ್ಟು.